ಬೆಳಗಿನ ಬಸ್ಸಿಗೂ ಸಂಜೆಯ ಲ್ಯಾಬಿಗೂ ನಡುವೆ ಏನು ತಿನ್ನುವುದು, ಏನು ಕುಡಿಯುವುದು?

ಪ್ರಶ್ನೆ: ನಾನು ಹಾಸನದಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ಊರು ಅರಕಲಗೂಡಿನ ಹತ್ತಿರ, ಇಲ್ಲಿ ಪಿ.ಜಿ.ಯಲ್ಲಿದ್ದೇನೆ. ಕೋಣೆಯಲ್ಲಿ ಒಲೆಯಾಗಲಿ ಫ್ರಿಜ್ ಆಗಲಿ ಇಲ್ಲ, ನೀರು ಕಾಯಿಸುವ ಕೆಟಲ್ ಒಂದಿದೆ. ರಾತ್ರಿ ಊಟ ಎಂಟೂವರೆಗೆ. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹೊರಡಬೇಕಾದ್ದರಿಂದ ತಿಂಡಿ ತಪ್ಪುತ್ತದೆ. ಮಧ್ಯಾಹ್ನದ ಊಟ ಒಂದೂಕಾಲಿಗೆ. ನಡುವೆ ಕಾಫಿ, ಬಿಸ್ಕೆಟ್, ಕೆಲವೊಮ್ಮೆ ಪಫ್ಸ್. ದಿನಕ್ಕೆ ನಾಲ್ಕೈದು ಕಾಫಿ ಆಗುತ್ತದೆ. ಮಧ್ಯಾಹ್ನದ ಮೇಲೆ ತೂಕಡಿಕೆ, ತಲೆನೋವು. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ತೂಕ 50 ಕೆ.ಜಿ. ಸಸ್ಯಾಹಾರಿ. ಅಡುಗೆಯಿಲ್ಲದೆ, ಹೆಚ್ಚು ಖರ್ಚಿಲ್ಲದೆ ಮಾಡಿಕೊಳ್ಳಬಹುದಾದ ಕುರುಕಲು, ಪಾನೀಯಗಳನ್ನು ತಿಳಿಸುವಿರಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು ಗಡಿಯಾರದ ಲೆಕ್ಕ. ರಾತ್ರಿ ಎಂಟೂವರೆಯಿಂದ ಮರುದಿನ ಒಂದೂಕಾಲಿನವರೆಗೆ, ಅಂದರೆ ಹದಿನಾರು ಗಂಟೆಗೂ ಹೆಚ್ಚು ಕಾಲ, ನಿಮ್ಮ ಹೊಟ್ಟೆಗೆ ಊಟವೆನ್ನಬಹುದಾದ ಯಾವುದೂ ಬೀಳುತ್ತಿಲ್ಲ. ಆ ಹೊತ್ತನ್ನೆಲ್ಲ ಕಾಫಿ ಮತ್ತು ಸಿಹಿ ಬಿಸ್ಕೆಟ್ ಹೇಗೋ ತಳ್ಳಿಕೊಂಡು ಹೋಗುತ್ತಿವೆ. ತೂಕಡಿಕೆ, ತಲೆನೋವು, ನಿದ್ದೆಗೇಡುಗಳನ್ನು ನೀವು ಮೂರು ಬೇರೆ ಬೇರೆ ತೊಂದರೆಗಳಂತೆ ಬರೆದಿದ್ದೀರಿ. ನನಗೆ ಅವು ಬಹುಪಾಲು ಒಂದೇ ಬೇರಿನಿಂದ ಹುಟ್ಟಿದಂತೆ ಕಾಣುತ್ತವೆ. ಏದುಸಿರಿನ ವಿಷಯ ಬೇರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಆದ್ದರಿಂದ ಹೊಸ ಹೊಸ ತಿನಿಸುಗಳ ಪಟ್ಟಿಯನ್ನು ಕೊಡುವ ಬದಲು, ಬೆಳಿಗ್ಗೆ ಹೊರಡುವ ಮೊದಲು ಒಂದು ಗಟ್ಟಿ ಆಹಾರ, ಹನ್ನೊಂದರ ಒಳಗೆ ಒಂದು ಹಿಡಿ ಕಾಳು, ಮತ್ತು ಕಾಫಿಗೆ ಅದರದೇ ಆದ ಹೊತ್ತು, ಇಷ್ಟನ್ನು ನಿಮ್ಮ ಕೋಣೆಯ ಮಿತಿಯೊಳಗೆ ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ವಿವರಿಸುತ್ತೇನೆ.

ಬೆಳಗಿನ ಹೊತ್ತಿಗೆ ನಿಮ್ಮ ಸೀಮೆಯದೇ ಆದ ಹುರಿಹಿಟ್ಟಿಗಿಂತ ತಕ್ಕುದಾದದ್ದು ನನಗೆ ತೋಚುವುದಿಲ್ಲ. ರಾಗಿಯನ್ನು ತೊಳೆದು, ನೀರು ಬಸಿದು, ತೇವ ಒಳಗಿಳಿಯುವಂತೆ ಬಟ್ಟೆಯಲ್ಲಿ ಕಟ್ಟಿಟ್ಟು, ಚೆನ್ನಾಗಿ ಕಾದ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿ ಹುರಿದಾಗ ಕಾಳು ಬಿಳಿಯಾಗಿ ಅರಳುತ್ತದೆ; ಆ ಅರಳನ್ನು ಆರಿಸಿ ಬೀಸಿದರೆ ಹುರಿಹಿಟ್ಟು. ಅರಳುವಾಗಲೇ ರಾಗಿಯ ಪಿಷ್ಟ ಬೆಂದಿರುವುದರಿಂದ ಇದನ್ನು ಮತ್ತೆ ಒಲೆಯ ಮೇಲಿಡಬೇಕಾಗಿಲ್ಲ. ಹಸಿ ರಾಗಿಹಿಟ್ಟು ಹಾಗಲ್ಲ. ಅದಕ್ಕೆ ಕೆಟಲ್ಲಿನ ಬಿಸಿನೀರು ಸುರಿದು ಕಲಸಿ ಕುಡಿಯುವವರನ್ನು ಹಾಸ್ಟೆಲುಗಳಲ್ಲಿ ನೋಡಿದ್ದೇನೆ. ಅದು ಸರಿಯಾಗಿ ಬೇಯುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಊರಿಗೆ ಹೋದಾಗ ಅಮ್ಮನವರಿಗೆ ಹೇಳಿ ಎರಡು ಕೆ.ಜಿ. ಹುರಿಹಿಟ್ಟು ಮಾಡಿಸಿಕೊಳ್ಳಿ. ಹಿಟ್ಟಿನ ಗಿರಣಿಯಲ್ಲಿ ಖಾರದ ಪುಡಿ ಬೀಸಿದ ಬೆನ್ನಿಗೇ ಇದನ್ನು ಹಾಕಿಸಬೇಡಿ. ಆ ಘಾಟು ಹಿಟ್ಟು ಮುಗಿಯುವವರೆಗೂ ಹೋಗುವುದಿಲ್ಲ.

ಕಲಸುವಾಗ ಒಂದು ಕ್ರಮವನ್ನು ಪಾಲಿಸಿದರೆ ಗಂಟುಗಳ ಕಾಟವಿರುವುದಿಲ್ಲ. ಅಗಲ ಬಾಯಿಯ, ತಿರುಪು ಮುಚ್ಚಳದ ಬಾಟಲಿಗೆ ಮೊದಲು ಒಂದು ಲೋಟ ಹಾಲು, ಅನಂತರ ಒಂದು ಚಮಚ ಬೆಲ್ಲದ ಪುಡಿ, ಕೊನೆಗೆ ನಾಲ್ಕೈದು ದೊಡ್ಡ ಚಮಚ ಹುರಿಹಿಟ್ಟು ಹಾಕಿ ಮುಚ್ಚಿ ಕುಲುಕಬೇಕು. ಹಿಟ್ಟನ್ನು ಮೊದಲು ಹಾಕಿದರೆ ಅದು ತಳದ ಮೂಲೆಗಳಿಗೆ ಅಂಟಿಕೊಂಡು ಕೂರುತ್ತದೆ. ಎರಡು ನಿಮಿಷ ಬಿಟ್ಟರೆ ಹಿಟ್ಟು ಹಾಲು ಹೀರಿ ಮಂದವಾಗುತ್ತದೆ. ಅದರ ಹದ ನೋಡಿಕೊಂಡು ಸ್ವಲ್ಪ ನೀರು ಸೇರಿಸಿ ಕುಡಿಯಬಹುದು, ಇಲ್ಲವೇ ಗಟ್ಟಿಯಾಗಿಯೇ ಚಮಚದಲ್ಲಿ ತಿನ್ನಬಹುದು. ಸಿಹಿ ಬೇಡವಾದ ದಿನ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕಲಸಿಕೊಳ್ಳಿ. ಅವಸರದಲ್ಲಿ ಒಣ ಹಿಟ್ಟನ್ನೇ ಬಾಯಿಗೆ ಹಾಕಿಕೊಳ್ಳಬಾರದು. ಅದು ಬಹಳ ನುಣುಪಾಗಿರುವುದರಿಂದ ನೆತ್ತಿಗೇರುತ್ತದೆ.

ಇದರಿಂದ ಸಿಗುವುದೇನೆಂದು ಲೆಕ್ಕ ಹಾಕೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಾವು ದಿನವೂ ತಿನ್ನುವ ಧಾನ್ಯಗಳಲ್ಲಿ ಇಷ್ಟು ಕ್ಯಾಲ್ಸಿಯಂ ಬೇರೆ ಯಾವುದರಲ್ಲಿಯೂ ಇಲ್ಲ. 50 ಗ್ರಾಂ ಹುರಿಹಿಟ್ಟು ಮತ್ತು 200 ಮಿಲಿಲೀಟರ್ ಹಾಲು ಸೇರಿದರೆ 400 ಮಿಲಿಗ್ರಾಂ ಹತ್ತಿರವಾಗುತ್ತದೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ಇದರಲ್ಲಿ ಸಿಗುವ ಪ್ರೋಟೀನು ಸುಮಾರು 10 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ಪ್ರತಿ ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು, ಅಂದರೆ ನಿಮಗೆ ಸುಮಾರು 42 ಗ್ರಾಂ. ಅದರ ಕಾಲುಭಾಗ ಬಸ್ಸು ಹತ್ತುವ ಮೊದಲೇ ದೊರೆತಂತಾಯಿತು.

ಫ್ರಿಜ್ ಇಲ್ಲದಿರುವುದು ಹಾಲಿನ ವಿಷಯದಲ್ಲಿ ಅಷ್ಟು ದೊಡ್ಡ ಅಡ್ಡಿಯಲ್ಲ. ಬೆಳಿಗ್ಗೆ ಬೂತಿನಿಂದ ತಂದ ನಂದಿನಿ ಪ್ಯಾಕೆಟ್ಟನ್ನು ಗೆಳತಿಯೊಬ್ಬರೊಡನೆ ಹಂಚಿಕೊಂಡು ಆಗಲೇ ಮುಗಿಸಬಹುದು. ಆಗದಿದ್ದರೆ ಹೊರಗೇ ಇಡಬಹುದಾದ ಯು.ಎಚ್.ಟಿ. ಹಾಲಿನ ಸಣ್ಣ ಪೊಟ್ಟಣಗಳನ್ನು ಇಟ್ಟುಕೊಳ್ಳಿ. ಒಡೆಯದಿದ್ದರೆ ಅವು ಮೇಲೆ ಅಚ್ಚಾದ ದಿನಾಂಕದವರೆಗೂ ಕೆಡುವುದಿಲ್ಲ, ಒಡೆದ ಮೇಲೆ ಮಾತ್ರ ತಡಮಾಡದೆ ಖಾಲಿ ಮಾಡಬೇಕು. ಕೆಟಲ್ಲಿನಲ್ಲಿ ಹಾಲು ಕಾಯಿಸಬೇಡಿ. ತಳ ಹಿಡಿಯುತ್ತದೆ, ಉಕ್ಕಿ ಸ್ವಿಚ್ಚಿನೊಳಗೆ ಇಳಿಯುತ್ತದೆ. ಮಗ್ಗಿಗೆ ಕುದಿಯುವ ನೀರು ಹಾಕಿ, ಅದರೊಳಗೆ ಹಾಲಿನ ಸ್ಟೀಲ್ ಲೋಟವನ್ನಿಟ್ಟರೆ ಐದು ನಿಮಿಷದಲ್ಲಿ ಹಾಲು ಬೆಚ್ಚಗಾಗುತ್ತದೆ. ಹುರಿಹಿಟ್ಟು ಸಿಗದೆ ಅಂಗಡಿಯ ರಾಗಿ ಮಾಲ್ಟ್ ಕೊಳ್ಳಬೇಕಾಗಿ ಬಂದರೆ ಪೊಟ್ಟಣದ ಹಿಂಬದಿಯ ಪದಾರ್ಥಗಳ ಸಾಲನ್ನು ಓದಿ. ಹೆಚ್ಚು ಇರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರು ಸಕ್ಕರೆಯದಾಗಿದ್ದರೆ ಅದನ್ನು ಅಲ್ಲಿಯೇ ಇಟ್ಟು ಬನ್ನಿ.

ಇನ್ನು ಹನ್ನೊಂದರ ಹೊತ್ತಿನ ಹಸಿವು. ಇಲ್ಲಿ ನಿಮ್ಮ ಬ್ಯಾಗಿನಲ್ಲಿ ಒಂದು ಸಣ್ಣ ಡಬ್ಬಿ ಇರಬೇಕು. ಅದರಲ್ಲಿ ಹುರಿದ ಕಡ್ಲೆಬೀಜ ಮತ್ತು ಹುರಿಗಡಲೆಯನ್ನು ಸಮಪಾಲು ಬೆರೆಸಿಡಿ. 100 ಗ್ರಾಂ ಕಡ್ಲೆಬೀಜದಲ್ಲಿ 24 ಗ್ರಾಮಿನಷ್ಟು, ಹುರಿಗಡಲೆಯಲ್ಲಿ 20 ಗ್ರಾಮಿಗೂ ತುಸು ಹೆಚ್ಚು ಪ್ರೋಟೀನು ಇರುವುದರಿಂದ, ಒಂದು ಹಿಡಿಯಷ್ಟು, ಎಂದರೆ 30 ಗ್ರಾಂ ಮಿಶ್ರಣದಿಂದ 6ರಿಂದ 7 ಗ್ರಾಂ ಪ್ರೋಟೀನು ಸಿಗುತ್ತದೆ. ನಾಲ್ಕು ಸಿಹಿ ಬಿಸ್ಕೆಟ್ಟುಗಳಿಂದ ಇದರ ಅರ್ಧವೂ ಸಿಗುವುದಿಲ್ಲ. ಅವುಗಳ ಮೈದಾ, ಸಕ್ಕರೆ ಬೇಗ ಜೀರ್ಣವಾಗಿ ಮತ್ತೆ ಹಸಿವನ್ನು ಎಬ್ಬಿಸುತ್ತವೆ. ಕಾಳಿನಲ್ಲಿರುವ ಪ್ರೋಟೀನು, ನಾರು, ಎಣ್ಣೆಯ ಅಂಶಗಳು ನಿಧಾನವಾಗಿ ಕರಗುವುದರಿಂದ ಊಟದವರೆಗೆ ಹೊಟ್ಟೆ ತಾಳುತ್ತದೆ. ಹೆಚ್ಚು ತಿನ್ನಬೇಕೆನಿಸಿದರೆ ಕಳ್ಳೆಪುರಿ ಬೆರೆಸಿಕೊಳ್ಳಿ. ಪುರಿಯೊಂದನ್ನೇ ತಿಂದರೆ ಬಾಯಾಡಿಸಿದ ಸಮಾಧಾನವಷ್ಟೇ, ಆದರೆ ಅದಕ್ಕೆ ಅರ್ಧದಷ್ಟು ಕಾಳು ಸೇರಿಸಿ, ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ನಿಂಬೆಹಣ್ಣು ಹಿಂಡಿದರೆ ಅದೇ ಒಂದು ಹೊತ್ತಿನ ತಿಂಡಿಯಾಗುತ್ತದೆ.

ನಿಂಬೆಹಣ್ಣನ್ನು ರುಚಿಗಾಗಿಯಷ್ಟೇ ಹೇಳುತ್ತಿಲ್ಲ. ಸಸ್ಯಾಹಾರದಲ್ಲಿರುವ ಕಬ್ಬಿಣದ ಅಂಶವನ್ನು ನಮ್ಮ ಕರುಳು ಹೀರಿಕೊಳ್ಳುವುದು ಕಡಿಮೆ. ಅದೇ ತುತ್ತಿನೊಂದಿಗೆ ಸಿ ಜೀವಸತ್ವ ಸೇರಿದರೆ ಹೀರಿಕೆ ಹೆಚ್ಚುತ್ತದೆ. ನಿಂಬೆಗಿಂತಲೂ ಸೀಬೆಹಣ್ಣು, ನೆಲ್ಲಿಕಾಯಿ ಇದರಲ್ಲಿ ಮುಂದು. ಒಂದು ಸೀಬೆಹಣ್ಣನ್ನು ಕಾಳಿನ ಡಬ್ಬಿಯ ಜೊತೆಗಿಟ್ಟುಕೊಂಡು ಒಟ್ಟಿಗೇ ತಿನ್ನುವುದು ಕಾಲೇಜಿನ ಮಕ್ಕಳಿಗೆ ನಾನು ತಪ್ಪದೆ ಹೇಳುವ ಮಾತು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಕಿತ್ತಳೆ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಅದನ್ನೂ ಬಿಡಬೇಡಿ. ರಸ ತೆಗೆಸದೆ ತೊಳೆಯನ್ನೇ ತಿನ್ನಿ, ನಾರೂ ಸಿಗುತ್ತದೆ. ಊರಿನಿಂದ ತರಬಹುದಾದ ಇನ್ನೊಂದು ವಸ್ತು ಎಳ್ಳು ಬೆಲ್ಲದ ಚಿಗಳಿ. ಎಳ್ಳಿನಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಚೆನ್ನಾಗಿವೆ, ವಾರಗಟ್ಟಲೆ ಕೆಡುವುದಿಲ್ಲ. ದಿನಕ್ಕೊಂದು ಉಂಡೆ ಸಾಕು. ಬೆಲ್ಲ ಎಷ್ಟು ತಿಂದರೂ ಒಳ್ಳೆಯದೆಂಬ ಭಾವನೆ ಎಲ್ಲೆಡೆ ಇದೆ. ದೇಹದ ಲೆಕ್ಕದಲ್ಲಿ ಅದೂ ಸಕ್ಕರೆಯೇ.

ಅವಲಕ್ಕಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಗಟ್ಟಿ ಅವಲಕ್ಕಿಯನ್ನು ಎರಡು ನೀರಿನಲ್ಲಿ ತೊಳೆದು ಬಸಿದು, ಹತ್ತು ನಿಮಿಷ ಬಿಟ್ಟು, ಮೊಸರು, ಉಪ್ಪು, ಹಸಿಮೆಣಸಿನಕಾಯಿ, ಶುಂಠಿ ಹಾಕಿ ಕಲಸಿದರೆ ಒಲೆಯಿಲ್ಲದೆ ಊಟದಂಥ ತಿಂಡಿ ಸಿದ್ಧ. ತೆಳು ಅವಲಕ್ಕಿಗಾದರೆ ನೆನೆಸುವ ಕೆಲಸವೂ ಇಲ್ಲ; ಕಾಯಿತುರಿಯ ತೇವವೇ ಸಾಕು. ಮೊಳಕೆ ಕಾಳಿನ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬೇಕಾಗಿದೆ. ಮೊಳಕೆ ಬರಿಸುವ ತೇವ, ಬೆಚ್ಚನೆಯ ವಾತಾವರಣದಲ್ಲಿ ಬ್ಯಾಕ್ಟೀರಿಯಾಗಳೂ ಅಷ್ಟೇ ಚೆನ್ನಾಗಿ ಬೆಳೆಯುತ್ತವೆ. ಬೇಯಿಸುವ ಅನುಕೂಲವಿಲ್ಲದ ಕೋಣೆಯಲ್ಲಿ ಹಸಿ ಮೊಳಕೆಯನ್ನು ತಿನ್ನುವ ಅಭ್ಯಾಸ ಬೇಡ. ಮಳೆಗಾಲದಲ್ಲಿ ನಿಮ್ಮಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ, ಆದ್ದರಿಂದ ಕಡ್ಲೆಬೀಜವನ್ನು ಸ್ವಲ್ಪಸ್ವಲ್ಪವೇ ಕೊಂಡು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ, ಬೀಜದ ಮೇಲೆ ಬೂಷ್ಟು ಕಂಡರೆ, ಕಾಸಿನ ಮುಖ ನೋಡದೆ ಎಸೆಯಿರಿ. ಆ ಬೂಷ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ, ಮತ್ತೆ ಹುರಿದರೂ ಪೂರ್ತಿ ಹೋಗುವುದಿಲ್ಲ.

ಬೇಕರಿಗೆ ಹೋಗಲೇಬೇಡಿ ಎಂದು ಹಾಸನದಲ್ಲಿರುವವರಿಗೆ ನಾನು ಹೇಳಲಾರೆ. ರಾಜ್ಯದ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿ ಬೆಳೆಸಿದ ಅನೇಕ ಕುಟುಂಬಗಳು ಈ ಸೀಮೆಯವೇ. ಆದರೆ ಅದೇ ಗಾಜಿನ ಕಪಾಟಿನಲ್ಲಿ ಪಫ್ಸಿನ ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಬೀಜವೂ ಇರುತ್ತದಲ್ಲ, ನಿಮ್ಮ ಕೈ ಅತ್ತ ಹೋಗಲಿ. ಪಫ್ಸಿನ ಪದರಪದರವೂ ಮೈದಾ ಮತ್ತು ಕೊಬ್ಬಿನದು, ಒಳಗಿನ ಪಲ್ಯ ಎರಡು ಚಮಚದಷ್ಟು. ಬೀಜದಲ್ಲಿಯೂ ಎಣ್ಣೆ, ಉಪ್ಪು ಇದೆ. ಆದರೂ ಅದು ಹಸಿವಿಗೆ ನಿಲ್ಲುತ್ತದೆ.

ಈಗ ಕಾಫಿಯ ವಿಷಯ. ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿಯನ್ನು ಬಿಡಿಸುವ ಹಟ ನನಗಿಲ್ಲ, ಅದರ ಅಗತ್ಯವೂ ಇಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದು. 150 ಮಿಲಿಲೀಟರಿನ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಹೋಟೆಲಿನ ಲೋಟ ಚಿಕ್ಕದೆಂದು ರಿಯಾಯಿತಿ ಕೊಟ್ಟರೂ ಐದು ಕಾಫಿ ಆ ಮಿತಿಯನ್ನು ಮುಟ್ಟುತ್ತದೆ, ಪುಡಿಯಲ್ಲಿ ರೋಬಸ್ಟಾ ತಳಿಯ ಬೀಜ ಹೆಚ್ಚಿದ್ದರೆ ದಾಟುತ್ತದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನು ಹೆಚ್ಚುಕಡಿಮೆ ಇಮ್ಮಡಿ. ಡಿಕಾಕ್ಷನ್ನಿನ ಕಪ್ಪು ಬಣ್ಣವನ್ನು ನೋಡಿ ಅಂದಾಜು ಮಾಡಲು ಬಾರದು, ಏಕೆಂದರೆ ಬಣ್ಣ, ಮಂದ ಬರುವುದು ಬಹುಮಟ್ಟಿಗೆ ಚಿಕೋರಿ ಎಂಬ ಬೇರಿನ ಪುಡಿಯಿಂದ, ಅದರಲ್ಲಿ ಕೆಫೀನೇ ಇಲ್ಲ. ಮಿಶ್ರಣದಲ್ಲಿ ಶೇಕಡಾ 49ರವರೆಗೆ ಚಿಕೋರಿ ಸೇರಿಸಲು ಕಾನೂನಿನ ಅವಕಾಶವಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆ.

ನಿಮ್ಮ ನಿದ್ದೆಗೇಡಿಗೂ ಕಾಫಿಗೂ ಇರುವ ನಂಟು ಹೀಗೆ. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಆಯಾಸವನ್ನು ತಿಳಿಸುತ್ತದೆ. ಕೆಫೀನು ಆ ಸೂಚನೆ ತಲುಪುವ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಆಯಾಸ ಕಳೆಯುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸಾಮಾನ್ಯವಾಗಿ ಐದಾರು ಗಂಟೆ ಹಿಡಿಯುವುದರಿಂದ, ಲ್ಯಾಬ್ ಮುಗಿಸಿ ಐದೂವರೆಗೆ ಕುಡಿದ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ನಿಮ್ಮ ರಕ್ತದಲ್ಲಿರುತ್ತದೆ. ಇದರ ಮೇಲೆ ಲೋಟಕ್ಕೆ ಎರಡು ಚಮಚದಂತೆ ಐದು ಕಾಫಿಗೆ 40ರಿಂದ 50 ಗ್ರಾಂ ಸಕ್ಕರೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಮಿನೊಳಗೆ ನಿಲ್ಲಿಸಿದರೆ ಒಳ್ಳೆಯದೆನ್ನುತ್ತದೆ.

ಆದ್ದರಿಂದ ಎರಡು ಕಾಫಿ, ಹತ್ತೂವರೆಯಿಂದ ಹನ್ನೊಂದರ ನಡುವೆ ಒಂದು, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಂದು, ಸಕ್ಕರೆ ಒಂದೇ ಚಮಚ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಕಾಫಿ, ಟೀಗಳಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಆಹಾರದ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಊಟಕ್ಕೆ ಮೊದಲು ಮತ್ತು ಅನಂತರ ಕನಿಷ್ಠ ಒಂದು ಗಂಟೆ ಇವೆರಡನ್ನೂ ಕುಡಿಯಬಾರದೆಂದು ಮೇಲೆ ಹೇಳಿದ ಮಾರ್ಗಸೂಚಿಯಲ್ಲಿದೆ. ನಮ್ಮ ಕಡೆ ಊಟದ ಬೆನ್ನಿಗೇ ಕಾಫಿ ಕೇಳುವುದು ವಾಡಿಕೆಯಾಗಿಬಿಟ್ಟಿದೆ, ಹೆಣ್ಣುಮಕ್ಕಳ ಮಟ್ಟಿಗೆ ಇದು ದುಬಾರಿ ವಾಡಿಕೆ. ಇದೇ ಕಾರಣಕ್ಕೆ ಕಾಳು, ಸೀಬೆಹಣ್ಣಿನ ಡಬ್ಬಿಯನ್ನೂ ಹನ್ನೊಂದರ ಕಾಫಿಯ ಜೊತೆಗೆ ಬೆರೆಸದೆ, ಒಂಬತ್ತೂವರೆಯ ಬಿಡುವು ಸಿಕ್ಕಿದರೆ ಆಗಲೇ ತೆರೆಯುವುದು ಒಳ್ಳೆಯದು. ಸಿಗದಿದ್ದರೆ ಅಂದು ಕಾಫಿಯನ್ನು ಬಿಡಿ, ಡಬ್ಬಿಯನ್ನು ಬಿಡಬೇಡಿ. ಐದು ಕಾಫಿಯನ್ನು ಒಮ್ಮೆಲೇ ಎರಡಕ್ಕೆ ಇಳಿಸಬಾರದು. ಮೊದಲ ಒಂದೆರಡು ದಿನ ತಲೆ ಸಿಡಿಯುತ್ತದೆ, ಅದು ಕೆಫೀನು ತಪ್ಪಿದ್ದರ ನೋವು. ನಾಲ್ಕೈದು ದಿನಕ್ಕೊಂದು ಲೋಟದಂತೆ, ಸಂಜೆಯದರಿಂದ ಮೊದಲುಮಾಡಿ ಕಡಿಮೆ ಮಾಡಿ.

ಸಂಜೆಯ ಕಾಫಿಯ ಜಾಗಕ್ಕೆ ಮಲೆನಾಡಿನ ಕಷಾಯವನ್ನು ತನ್ನಿ. ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ಸ್ವಲ್ಪ ಕಾಳುಮೆಣಸು, ಒಣಶುಂಠಿ, ಒಂದೆರಡು ಏಲಕ್ಕಿ; ಎಲ್ಲವನ್ನೂ ಮನೆಯಲ್ಲಿ ಬೆಚ್ಚಗೆ ಹುರಿದು ಪುಡಿ ಮಾಡಿಸಿಕೊಂಡು ಬಂದರೆ ಕೆಟಲ್ಲಿನ ಕುದಿನೀರಿಗೆ ಅರ್ಧ ಚಮಚ ಹಾಕಿ ಐದು ನಿಮಿಷ ಮುಚ್ಚಿಟ್ಟು ಸೋಸಿ ಕುಡಿಯಬಹುದು. ಬಿಸಿ, ಘಮ, ನಾಲಿಗೆಗೆ ಚುರುಕು ಎಲ್ಲವೂ ಇದೆ, ಕೆಫೀನು ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದುವಾಗಲೂ ಇದನ್ನೇ ಕುಡಿಯಿರಿ. ಆ ರಾತ್ರಿಗಳಲ್ಲಿ ವಿದ್ಯಾರ್ಥಿಗಳು ಎನರ್ಜಿ ಡ್ರಿಂಕಿನ ಡಬ್ಬಗಳನ್ನು ಕೊಳ್ಳುವುದು ನನಗೆ ನಿಜಕ್ಕೂ ಬೇಸರದ ವಿಷಯ. ಅದರಲ್ಲಿರುವುದು ಒಂದು ಕಾಫಿಯಷ್ಟು ಕೆಫೀನು ಮತ್ತು ಇಡೀ ದಿನಕ್ಕಾಗುವಷ್ಟು ಸಕ್ಕರೆ.

ಹಗಲಿಗೆ ಮಜ್ಜಿಗೆಯಷ್ಟು ಅಗ್ಗದ, ಒಳ್ಳೆಯ ಪಾನೀಯ ಇನ್ನೊಂದಿಲ್ಲ. ಬೆಳಿಗ್ಗೆ ಮೊಸರಿಗೆ ಎರಡರಷ್ಟು ನೀರು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಹಾಕಿ ಬಾಟಲಿಯಲ್ಲಿ ಒಯ್ದರೆ ಹಾಸನ, ಚಿಕ್ಕಮಗಳೂರಿನ ತಂಪಿನಲ್ಲಿ ಮಧ್ಯಾಹ್ನದ ಊಟದವರೆಗೆ ಹುಳಿಯೇರುವುದಿಲ್ಲ; ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ಹನ್ನೊಂದರೊಳಗೆ ಮುಗಿಸಿ. ಮುಚ್ಚಳದ ಒಳಗಿರುವ ರಬ್ಬರ್ ಬಳೆಯನ್ನು ವಾರಕ್ಕೆ ಎರಡು ಸಲವಾದರೂ ಬಿಚ್ಚಿ ಹಳೆಯ ಬ್ರಷ್ಷಿನಿಂದ ಉಜ್ಜಬೇಕು. ಬಾಟಲಿ ವಾಸನೆ ಬರುವುದು ಅಲ್ಲಿಂದ. ಎಳನೀರು ಒಳ್ಳೆಯದು, ಬೆವರಿದಾಗ, ಜ್ವರದಲ್ಲಿ ಬಹಳ ಒಳ್ಳೆಯದು, ಆದರೆ ಅದರಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ತಿಂಡಿಯ ಬದಲಿಗೆ ಕುಡಿಯಬೇಡಿ.

ಕೊನೆಯದಾಗಿ ಮೆಟ್ಟಿಲಿನ ಏದುಸಿರು. ಇದನ್ನು ನೀವು ಒಂದು ಸಾಲಿನಲ್ಲಿ ದಾಟಿಹೋಗಿದ್ದೀರಿ, ನಾನು ದಾಟಲಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ನಿಮ್ಮ ವಯಸ್ಸು, ಸಸ್ಯಾಹಾರ, ಊಟ ತಪ್ಪುವುದು, ಕಾಫಿ ಎಲ್ಲವೂ ಅದರತ್ತಲೇ ಬೆರಳು ಮಾಡುತ್ತವೆ. ಈ ವಾರವೇ ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಅದು ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ಮೇಲೆ ಹೇಳಿದ ತಿನಿಸುಗಳಿಂದಲೇ ಸರಿಹೋಗಲೆಂದು ಕಾಯಬಾರದು. ವೈದ್ಯರು ಕಾರಣವನ್ನು ನೋಡಿ ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ. ಆ ಮಾತ್ರೆಯನ್ನು ಹುರಿಹಿಟ್ಟು ಹಾಲಿನ ಜೊತೆಯಲ್ಲಾಗಲಿ, ಕಾಫಿಯ ಆಸುಪಾಸಿನಲ್ಲಾಗಲಿ ನುಂಗಬೇಡಿ, ಏಕೆಂದರೆ ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣದ ಹೀರಿಕೆಗೆ ಅಡ್ಡಬರುತ್ತದೆ. ರಾತ್ರಿ ಊಟವಾಗಿ ಎರಡು ಗಂಟೆಯ ಮೇಲೆ, ಅರ್ಧ ನಿಂಬೆಹಣ್ಣು ಹಿಂಡಿದ ಒಂದು ಲೋಟ ನೀರಿನೊಂದಿಗೆ ತೆಗೆದುಕೊಳ್ಳಿ. ಹೊಟ್ಟೆ ತೊಳಸಿದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಪ್ರಮಾಣವನ್ನು ಬದಲಿಸಿಕೊಡುವಂತೆ ಅದೇ ವೈದ್ಯರನ್ನು ಕೇಳಿ.